ಪಂಪ್‌ಮನೆಯ ಬೆಲ್ಲು

ಗುಡ್ನಾಪುರದ ಕೆರೆಯಾಚೆ ನಾಗಪ್ಪನ ಗದ್ದೆ. ಅಲ್ಲಿನ ಪಂಪ್‌ಮನೆಯ ಬಾಗಿಲಲ್ಲಿ ರಕ್ಷಿತಾ ರೇಡಿಯೋ ಅಲೆ ಅಳೆಯುವ ಯಂತ್ರ ಬಿಚ್ಚಿಟ್ಟುಕೊಂಡು ಕೂತಳು. ಯಲ್ಲಾಪುರದವಳು, ಹುಬ್ಬಳ್ಳಿಯ ಪರೀಕ್ಷಾಲಯವೊಂದರಲ್ಲಿ ಕೆಲಸ. ಅವಳು ಬಂದದ್ದು ಒಂದು ಬೆಲ್ಲಿನ ಸಲುವಾಗಿ.

ನಾಗಪ್ಪನ ಹೆಂಡತಿ ಪಾರ್ವತವ್ವ ಲಕ್ವ ಹೊಡೆದು ಮಲಗಿದ್ದಳು; ಆಕೆಯ ಕೊರಳಲ್ಲಿ ಆ ಬೆಲ್ಲಿನ ಗುಂಡಿ ಇರುತ್ತಿತ್ತು. ಮನೆಯಲ್ಲಿ ಒತ್ತಿದರೆ, ತಂತಿಯ ಹಂಗಿಲ್ಲದೆ, ಪಂಪ್‌ಮನೆಯಲ್ಲಿ ಬೆಲ್ಲು ಹೊಡೆದುಕೊಳ್ಳಬೇಕು. ಹೋದ ತಿಂಗಳು ಒಂದು ಮುಂಜಾನೆ ಆಕೆ ಉಸಿರುಗಟ್ಟಿ ತೀರಿಕೊಂಡಳು. ನಾಗಪ್ಪ ಮೋಟಾರು ಹಾಕಿಕೊಂಡು ಬೆಲ್ಲಿನ ಪಕ್ಕದಲ್ಲೇ ಇದ್ದ. ಅದು ಸದ್ದು ಮಾಡಲಿಲ್ಲ. ಮಗ ಶರಣ ಬೆಲ್ಲಿನ ಕಂಪನಿಗೆ ದೂರು ಕೊಟ್ಟಿದ್ದ; ಕಾರಣ ಹುಡುಕಲು ಕಂಪನಿ ರಕ್ಷಿತಾಳ ಪರೀಕ್ಷಾಲಯಕ್ಕೆ ಹೇಳಿತ್ತು.

“ಶರಣ ಸುಮ್ನ ಅರ್ಜಿ ಹಾಕ್ಯಾನ್ರಿ,” ಎಂದ ನಾಗಪ್ಪ. “ಆಕಿ ಗುಂಡಿ ಒತ್ತೇ ಇಲ್ಲ. ನಿದ್ದಿಯೊಳಗ ಹೋಗ್ಯಾಳ.”

ರಕ್ಷಿತಾ ಮನೆಯಲ್ಲಿದ್ದ ಶರಣನಿಗೆ ಫೋನ್ ಮಾಡಿ ಗುಂಡಿ ಒತ್ತಿಸಿದಳು. ಬೆಲ್ಲು ಹೊಡೆಯಿತು. ಮೋಟಾರು ಹಾಕಿಸಿ ಮತ್ತೆ ಒತ್ತಿಸಿದಳು. ಸದ್ದಿಲ್ಲ. ಯಂತ್ರದ ಪರದೆಯ ತುಂಬ ಗೆರೆಗಳು ಎದ್ದು ನಿಂತಿದ್ದವು. ಮೋಟಾರಿಗೆ ಹೊಸದಾಗಿ ಕೂಡಿಸಿದ್ದ ಕಂಟ್ರೋಲ್ ಪೆಟ್ಟಿಗೆ ಉಗುಳುತ್ತಿದ್ದ ಅಲೆಗಳ ಗದ್ದಲದಲ್ಲಿ ಗುಂಡಿಯ ಸಣ್ಣ ಕರೆ ಮುಳುಗಿಹೋಗುತ್ತಿತ್ತು.

ಹೋದ ವರ್ಷ, ಮಾರಾಟಕ್ಕೆ ಬಿಡುವ ಮುಂಚೆ, ಈ ಮಾದರಿಯ ಬೆಲ್ಲನ್ನು ಪರೀಕ್ಷಿಸಿದ್ದು ರಕ್ಷಿತಾಳೇ. ಹೊರಗಿನ ಅಲೆ ನುಸುಳದ ಕೋಣೆಯಲ್ಲಿ ಅದು ಚೆನ್ನಾಗಿಯೇ ಹೊಡೆದಿತ್ತು. ಗದ್ದಲದ ನಡುವೆಯೂ ಹೊಡೆಯುತ್ತದೆಯೇ ಎಂದು ನೋಡಲು ಇನ್ನೆರಡು ದಿನ ಬೇಕಿತ್ತು. ಮೇಲಧಿಕಾರಿ ರಘುಪತಿ ಅವಸರ ಮಾಡಿದ್ದರು. ನೋಡದೆಯೇ ‘ಪಾಸ್’ ಎಂದು ಬರೆದು ಸಹಿ ಹಾಕಿದ್ದಳು.

ಮನೆಗೆ ಹೋಗಿ ಗುಂಡಿಯನ್ನು ಲ್ಯಾಪ್‌ಟಾಪಿಗೆ ಜೋಡಿಸಿದಳು. ಒತ್ತಿದ ಹೊತ್ತು ಅದರೊಳಗೆ ದಾಖಲಾಗುತ್ತದೆ. ಆ ಮುಂಜಾನೆ, ಹನ್ನೆರಡು ನಿಮಿಷದಲ್ಲಿ ಹನ್ನೊಂದು ಸಲ.

ರಘುಪತಿಗೆ ಫೋನ್ ಮಾಡಿದಳು. “ತಪ್ಪು ಪೆಟ್ಟಿಗೆಯದು ಅಂತ ಬರೆದು ವಾಪಸ್ ಬಾ. ಉಳಿದದ್ದು ಎತ್ತಬೇಡ,” ಎಂದರು.

ಹಾಗೇ ಎದ್ದು ಬರಬಹುದಿತ್ತು. ಆದರೆ ಇಂಥ ಬೆಲ್ಲುಗಳು ಇನ್ನೂ ಎಷ್ಟೋ ಮನೆಗಳಲ್ಲಿದ್ದವು. ನಡೆದದ್ದನ್ನು ವರದಿಯಲ್ಲಿ ಬರೆಯದೆ ಆ ಮನೆಗಳವರನ್ನು ಎಚ್ಚರಿಸಲಾಗದು, ಬರೆದರೆ ನಾಗಪ್ಪನಿಗೆ ಗೊತ್ತಾಗದೆ ಇರದು. ಜಗುಲಿಯಲ್ಲಿ ಕೂತಿದ್ದ ನಾಗಪ್ಪನ ಎದುರು ಕೂತು ಎಲ್ಲವನ್ನೂ ಹೇಳಿದಳು.

“ಪೆಟಗಿ ತಂದು ಕುಂಡ್ರಿಸಿದಾವ ನಾನ,” ಎಂದ ನಾಗಪ್ಪ. “ಆಕಿ ಕರೀತಿದ್ಲು, ನಾ ಬೀಡಿ ಸೇದಕೋತ ಕುಂತಿದ್ದೆ. ಇದನ್ನ ಯಾಕ ಹೇಳಿದಿ ತಂಗಿ?”

“ಪರೀಕ್ಷೆ ಅರ್ಧಕ್ಕೇ ಬಿಟ್ಟು ಸಹಿ ಹಾಕಿದವಳು ನಾನು ಕಾಕಾ. ನಿಮ್ಮ ತಪ್ಪು ಎಂತದೂ ಇಲ್ಲ.”

ಅವನು ಬೈಯಲಿಲ್ಲ. “ನೀ ಹೋಗವ್ವಾ,” ಎಂದಷ್ಟೇ ಹೇಳಿ ಮುಖ ಗೋಡೆಯತ್ತ ತಿರುಗಿಸಿದ.

ಬನವಾಸಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತು ರಕ್ಷಿತಾ ವರದಿ ಬರೆದಳು. ತನ್ನ ಸಹಿಯ ಸಂಗತಿಯನ್ನೂ ಬಿಡದೆ ಬರೆದು, ಬೆಲ್ಲಿನ ಕಂಪನಿಗೆ ನೇರವಾಗಿ ಕಳಿಸಿದಳು. ವಾರದೊಳಗೆ ಅವಳ ಕೆಲಸ ಹೋಯಿತು. ಎರಡು ತಿಂಗಳಿಗೆ ಕಂಪನಿ ಬೆಲ್ಲುಗಳನ್ನೆಲ್ಲ ವಾಪಸ್ ತರಿಸಿಕೊಂಡಿತು.

ಅದನ್ನು ತಿಳಿಸೋಣವೆಂದು ನಾಗಪ್ಪನಿಗೆ ಫೋನ್ ಮಾಡಿದಳು. ಎತ್ತಿದವನು ಶರಣ.

“ಚಲೋ ಆತ್ರಿ,” ಎಂದ. ಆಮೇಲೆ, “ಅಪ್ಪ ಗದ್ದಿ ಕಡೆ ಹೋಗೂದ ಬಿಟ್ಟಾನ. ನಿಮ್ಮ ಹೆಸರು ಮನಿಯೊಳಗ ತಗೀಬ್ಯಾಡ ಅಂತಾನ. ಇನ್ನ ಫೋನ್ ಮಾಡಬ್ಯಾಡ್ರಿ,” ಎಂದು ಮೆಲ್ಲಗೆ ಇಟ್ಟುಬಿಟ್ಟ.