ನಾಲೆಯ ಬಣ್ಣ

ಯಾರ ಹಾಳೆಯಲ್ಲೂ ನೀಲಿ ಇರಲಿಲ್ಲ. ಪ್ರಮೀಳಾ ಕೊನೆಯ ಸಾಲಿನವರೆಗೂ ನೋಡಿಕೊಂಡು ಬಂದಳು. ಯಾರೂ ಕಾಣದ ಊರೊಂದನ್ನು ಬರೆಯಿರಿ ಎಂದು ಅವಳೇ ಹೇಳಿದ್ದಳು. ಕೆಂಪು ಮರಗಳಿದ್ದವು, ರೆಕ್ಕೆ ಮೂಡಿದ ಎಮ್ಮೆಯಿತ್ತು, ಹಳದಿ ಆಕಾಶವಿತ್ತು. ಹೊಳೆ, ಕೆರೆ, ನಾಲೆ ಮಾತ್ರ ಯಾವ ಊರಿಗೂ ಇರಲಿಲ್ಲ.

ಪಾಂಡವಪುರದ ಆ ಶಾಲೆಯ ಡ್ರಾಯಿಂಗ್ ಮಿಸ್ ಅವಳು; ಇಪ್ಪತ್ತೆರಡು ದಿನಗಳ ಮೇಲೆ ಮತ್ತೆ ಬಂದಿದ್ದಳು. ಗಂಡ ಕುಮಾರ್ ಬೈಕಿನ ಸಮೇತ ನಾಲೆಗೆ ಬಿದ್ದು ತೀರಿಕೊಂಡಿದ್ದ. ತಿಥಿ ಮುಗಿದರೂ ಅವಳು ಅತ್ತಿರಲಿಲ್ಲ. “ಅತ್ಬುಡವ್ವ ಒಂದ್ಸಲ” ಎಂದವರಿಗೂ “ಕಾಪಿ ಕುಡಿಯವ್ವ” ಎಂದವರಿಗೂ ಒಂದೇ ರೀತಿ ತಲೆಯಾಡಿಸಿದ್ದಳು.

“ನೀಲಿ ಯಾಕೆ ಯಾರೂ ಹಾಕಿಲ್ಲ?”

ಮುಂದೆ ಕೂತಿದ್ದ ಸ್ನೇಹ ಹೇಳಿದಳು: “ಎಡ್ಮೇಷ್ಟ್ರು ಎಲ್ಲಾರ್ ತಾವೂ ನೀಲಿ ಬಣ್ಣದ್ ಬಿಲ್ಲೆ ಇಸ್ಕೊಂಡ್ರು ಮಿಸ್. ನಿಮ್ ಮುಂದೆ ನೀರು ಬರೀಬ್ಯಾಡಿ ಅಂದವ್ರೆ.”

ಆಫೀಸಿನ ಮೇಜಿನ ಮೇಲೆ, ಪೇಪರಿನ ಮಡಿಕೆಯಲ್ಲಿ ಆ ಬಿಲ್ಲೆಗಳಿದ್ದವು. ಹೆಡ್ಮಾಸ್ಟರ್ ನರಸಯ್ಯ ಎದ್ದು ನಿಂತರು. “ನಿಮ್ಗೆ ಸಂಕ್ಟ ಆಗ್ಬಾರ್ದು ಅಂತ, ತಾಯಿ.”

“ಗೊತ್ತು ಸಾರ್” ಎಂದು ಅವಳು ಪೊಟ್ಟಣ ತೆಗೆದುಕೊಂಡು ಕ್ಲಾಸಿಗೆ ಬಂದಳು.

ತಟ್ಟೆಯಲ್ಲಿ ನೀಲಿಯನ್ನು ನೆನೆಸಿ, ಪಕ್ಕದಲ್ಲಿ ಹಳದಿ ಬಿಟ್ಟಳು. ಎರಡೂ ಮುಟ್ಟಿದ ಕಡೆ ಹಸಿರು ಹುಟ್ಟಿತು. ನೀಲಿಗೆ ಹಳದಿ ಸೇರಿದರೆ ಹಸಿರು ಎಂದು ಹನ್ನೊಂದು ವರ್ಷದಿಂದ ಹೇಳಿದ ಮಾತನ್ನೇ ಬಾಯಿ ತಾನಾಗಿ ಹೇಳುತ್ತಿತ್ತು.

“ನಾಲೆ ನೀರು ಇಂಗಿರಾಕಿಲ್ಲ ಮಿಸ್” ಎಂದಳು ಸ್ನೇಹ. ಪಕ್ಕದವಳು ಅವಳ ಲಂಗ ಜಗ್ಗಿದಳು.

“ಮತ್ತೆ ಹೆಂಗಿರುತ್ತೆ?”

“ಮಳೆ ಬಂದ್ರೆ ರಾಗಿ ಅಂಬ್ಲಿ ಇದ್ದಂಗೆ.”

“ಹಂಗಾದ್ರೆ ಏನು ಸೇರಿಸ್ಬೇಕು?”

ಹುಡುಗಿ ಯೋಚಿಸಿದಳು. “ಕೆಂಪು. ಒಂಚೂರು.”

ಪ್ರಮೀಳಾ ಬ್ರಷ್ಷನ್ನು ಅವಳ ಕೈಗೆ ಕೊಟ್ಟಳು. ಹುಡುಗಿಯ ಮಣಿಕಟ್ಟು ಹಿಡಿದು, “ಜಾಸ್ತಿ ಕಲಸ್ಬೇಡ. ಅದೇ ಕೂಡ್ಕೊಳ್ಳುತ್ತೆ” ಎಂದಳು. ಕೆಂಪು ಹರಿದು, ಹಸಿರು ಮಂಕಾಗಿ, ಮಣ್ಣಿನ ಬಣ್ಣಕ್ಕೆ ತಿರುಗಿತು. ಆ ದಿನ ಈಜುಗಾರರು ಕುಮಾರನನ್ನು ಮೇಲೆ ತರುವವರೆಗೂ ನಾಲೆ ಏರಿಯ ಮೇಲೆ ನಿಂತು ಅವಳು ನೋಡಿದ್ದು ಇದನ್ನೇ.

“ಸರಿಯಾಗಿದೆ” ಎಂದಳು. “ಎಲ್ಲರೂ ಮಾಡಿ.”

ಊಟದ ಬೆಲ್ ಆಯಿತು. ಅವಳು ಮಕ್ಕಳ ಸಾಲಿನ ತುದಿಯಲ್ಲಿ ಕೂತಳು. ಅಡುಗೆಯ ಚಿಕ್ಕಬೋರಮ್ಮ ಅನ್ನದ ಮೇಲೆ ಸಾರು ಬಿಟ್ಟು, “ಇನ್ನೊಂಚೂರು ಆಕ್ಲೇನವ್ವ?” ಎಂದು ಕೇಳಿದಳು. ಪ್ರಮೀಳಾ ತಟ್ಟೆಯನ್ನು ಎತ್ತಿ ಹಿಡಿದಳು. ಸಾರಿನ ಬಿಸಿ ತಳದಿಂದ ಬೆರಳುಗಳಿಗೆ ಇಳಿಯಿತು, ಸುಟ್ಟಿತು; ಇಷ್ಟು ದಿನದಲ್ಲಿ ಏನಾದರೂ ತಾಗಿದ್ದು ಇದೇ ಮೊದಲು. ಅವಳು ತಟ್ಟೆ ಕೆಳಗಿಡಲಿಲ್ಲ.