ಅರ್ಧಕ್ಕೆ ಎದ್ದು ಹೋದವರು

ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಊರಿಗಾಂ ಗಣಿ ಲೈನಿನ ಮನೆಗಳ ಬಾಗಿಲು ಬದುಕಿರುವವರು ತಲೆ ತಗ್ಗಿಸಿ ನುಗ್ಗಲಿಕ್ಕೆ ಇಟ್ಟದ್ದು, ಸತ್ತವರು ಮಲಗಿ ಹೊರಡಲಿಕ್ಕಲ್ಲ.

"ತಲೆ ಕಡೆ ಓರೆ ಮಾಡಿ. ಅಮ್ಮನ್ನ ಗೋಡೆಗೆ ಉಜ್ಜಬೇಡಿ," ಎಂದ ಚಂದನ್, ಹಲ್ಲು ಕಚ್ಚಿಕೊಂಡು.

ಪೆಟ್ಟಿಗೆಯಲ್ಲಿದ್ದ ಅನಸೂಯಮ್ಮನ ಅಣ್ಣ ಹನುಮಂತರಾಯಪ್ಪ ಅಂಗಳದಲ್ಲಿ ನಿಂತಿದ್ದ. ಬಂಗಾರಪೇಟೆ ಪಕ್ಕದ ಹಳ್ಳಿಯಿಂದ, ಬೆಳಗಿನ ಹಾಲು ಡೈರಿಗೆ ಹಾಕಿ ಬಂದವನು. ಪೆಟ್ಟಿಗೆಗೆ ಕೈ ಕೊಡಲಿಲ್ಲ.

"ನಮ್ಮೊಲದಾಗೆ ಜಾಗ ಇತ್ತು ಕಣ್ಲಾ, ನಮ್ಮಪ್ಪನ ಪಕ್ಕಕ್ಕೇ. ಡಬ್ಬಿಗೆ ತುಂಬಿಬಿಟ್ರಿ."

"ಬದುಕಿದ್ದಾಗ ಒಂದು ಲೋಟ ನೀರಿಗೆ ಕರೀಲಿಲ್ಲ ನೀನು. ಈಗ ಜಾಗ ಕೊಡೋಕೆ ಬಂದಿದೀಯಾ ಮಾವ?"

"ನೀರು ಕೊಟ್ರೆ ಕತೆ ಶುರು ಮಾಡ್ತಿದ್ಲಲ್ಲಪ್ಪ. ಯಾವನ್ ಕರೀತಾನೆ?"

ಪೆಟ್ಟಿಗೆ ಹಿಡಿದಿದ್ದವರಲ್ಲಿ ಇಬ್ಬರು ನಗು ನುಂಗಿದರು. ಸುಳ್ಳಲ್ಲ. ಸೊಪ್ಪು ಮಾರುವಾಗ ಕೊತ್ತಂಬರಿ ಕಟ್ಟು ಎಷ್ಟಮ್ಮ ಎಂದರೂ ಅವಳು ಬೈಬಲಿನ ಆದಾಮನಿಂದ ಶುರು ಮಾಡುತ್ತಿದ್ದಳು. ಅವಳು ಬರುವುದು ಕಂಡರೆ ಲೈನಿನ ಹೆಂಗಸರು ಒಲೆ ಮೇಲೆ ಹಾಲಿದೆ ಎಂದು ಒಳಗೋಡುತ್ತಿದ್ದರು. ಚಂದನ್ ಕೂಡ ಓಡಿದವನೇ. ಆದರೆ ಇವತ್ತು ಬೇರೆಯವರು ನಗುವುದನ್ನು ಅವನಿಂದ ನೋಡಲಾಗಲಿಲ್ಲ.

* * *

ಎರಡು ತಿಂಗಳ ಹಿಂದಿನ ಮಾತು, ಹೊಸ ವರ್ಷದ ಬೆಳಗಿನ ಆರಾಧನೆ. ಅವರ ಸಭೆಯಲ್ಲಿ ಅವತ್ತು ಪಾಸ್ಟರ್ ಮುನಿರಾಜು ಸ್ಟೀಲ್ ತಟ್ಟೆಯ ತುಂಬ ವಾಗ್ದಾನದ ಕಾರ್ಡು ಹಿಡಿದು ನಿಲ್ಲುತ್ತಾರೆ. ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದೊಂದು ಎತ್ತಬೇಕು. ಬೈಬಲಿನ ಒಂದೇ ಸಾಲು, ಸುತ್ತ ಚಿನ್ನದ ಬಣ್ಣದ ಅಂಚು. ವರ್ಷವಿಡೀ ಅದು ಅವರ ಪಾಲಿನ ಮಾತು. ವರ್ಷದೊಳಗೆ ತೀರಿಕೊಂಡರೆ ಗುಂಡಿಯ ಹತ್ತಿರ ಅದನ್ನೇ ಓದಿ ಪೆಟ್ಟಿಗೆಯ ಮೇಲೆ ಹಾಕುವುದು ಪದ್ಧತಿ.

ಅನಸೂಯಮ್ಮ ತಟ್ಟೆ ದಾಟಿ ನಡೆದಳು.

"ಎತ್ಕೊಳ್ಳಿ ಅಮ್ಮ," ಎಂದರು ಪಾಸ್ಟರ್.

"ಯಾರೋ ಯಾರಿಗೋ ಯಾವತ್ತೋ ಏಳಿದ್ದು. ಇಂದ್ಗಡೆ ಮಾತೇನು, ಮುಂದ್ಗಡೆ ಮಾತೇನು, ಗೊತ್ತಿಲ್ಲ. ನನ್ನೆಸರಿಗೆ ಎಂಗ್ ಬರ್ಕೊಳ್ಳಲಿ? ಪೂರ್ತಿ ಕತೆ ಏಳ್ಬಿಟ್ಟು ಕೊಡಿ, ತಗೋತೀನಿ."

"ಹಿಂದೆ ಜನ ನಿಂತಿದಾರೆ."

ಮುಂದಿನ ಭಾನುವಾರದಿಂದ ಹೆಂಗಸರ ಕೂಟದಲ್ಲಿ ಅನಸೂಯಮ್ಮ ಬಾಯಿ ತೆರೆಯಬಾರದು ಎಂದಾಯಿತು. ಸೊಸೆ ಸುಕನ್ಯ ಹೆದರಿ, ಅತ್ತೆಯ ಹೆಸರಿನಲ್ಲಿ ಪಾಸ್ಟರ್ ತಟ್ಟೆಯಿಂದ ತಾನೇ ಒಂದು ಕಾರ್ಡು ಎತ್ತಿ ಪರ್ಸಿಗೆ ಸೇರಿಸಿದಳು. ಮನೆಯಲ್ಲಿ ಹೇಳಲಿಲ್ಲ.

* * *

ಗಣಿಯಲ್ಲಿ ದುಡಿದ ಗಂಡನ ಜೊತೆ ಅವನ ದೇವರನ್ನೂ ಹಿಡಿದವಳು ಅನಸೂಯಮ್ಮ. ಅವತ್ತಿನಿಂದ ತವರು ಮುಚ್ಚಿತು. ಆದರೂ ವರ್ಷಕ್ಕೊಮ್ಮೆ ಬಸ್ಸು ಹತ್ತಿ ಹೋಗಿ, ಅಣ್ಣನ ಜಗಲಿಯಲ್ಲಿ ಕೂತು ಮೊದಲಿನಿಂದ ಶುರು ಮಾಡುತ್ತಿದ್ದಳು. ಅಬ್ರಹಾಮನಿಗೆ ದೇವರು ಅಪ್ಪನ ಮನೆ ಬಿಟ್ಟು ಹೊರಡು ಅನ್ನುವ ಜಾಗಕ್ಕೆ ಬಂದರೆ ಸಾಕು, ಹನುಮಂತರಾಯಪ್ಪ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ.

ಕೊನೆಯ ವಾರ ಅವಳು ಮಗನ ಕೈ ಹಿಡಿದು ಹೇಳಿದಳು. "ಮಣ್ಣಾಕೋಕ್ ಮುಂಚೆ ನಿಮ್ಮಾವನ್ಗೆ ಪೂರ್ತಿ ಏಳ್ಬಿಡು. ಅವತ್ತು ಬಂದೇ ಬತ್ತಾನೆ. ಎದ್ದೋಗೋಕೆ ಕೊಟ್ಟಿಗೆ ಇರಲ್ಲ."

"ನಂಗೆಲ್ಲಿ ಬರುತ್ತಮ್ಮ? ಒಂಬತ್ತನೇ ಕ್ಲಾಸಿಗೇ ಬಿಟ್ಟೋನು."

"ನೂರ್ ಸಲ ಕೇಳಿದೀಯ. ಒಂದ್ಸಲ ಏಳು."

* * *

ಸ್ಮಶಾನದಲ್ಲಿ ಹಗ್ಗ ಸಡಿಲಿಸಿ ಪೆಟ್ಟಿಗೆ ಇಳಿಸಿಯಾಯಿತು. ಹಾಡು ಮುಗಿಯಿತು.

"ಅಮ್ಮನ ಕಾರ್ಡು?" ಎಂದು ಪಾಸ್ಟರ್ ಕೈ ಚಾಚಿದರು.

ಸುಕನ್ಯ ಗಂಡನ ಮುಖ ನೋಡದೆ ಪರ್ಸಿನಿಂದ ತೆಗೆದು ಕೊಟ್ಟಳು. ಪಾಸ್ಟರ್ ಮೊದಲು ತಾವು ನೋಡಿಕೊಳ್ಳದೆ, ಅಭ್ಯಾಸಬಲದಲ್ಲಿ ಗಟ್ಟಿಯಾಗಿ ಓದಿದರು. ದೀರ್ಘಾಯುಷ್ಯ ಕೊಟ್ಟು ತೃಪ್ತಿಪಡಿಸುತ್ತೇನೆ ಎಂಬ ಸಾಲು. ಕೊನೆಯ ಪದಕ್ಕೆ ಬರುವ ಹೊತ್ತಿಗೆ ದನಿ ಇಳಿದಿತ್ತು. ಇನ್ನೂ ಮಾರ್ಚ್ ತಿಂಗಳು.

"ಎಷ್ಟ್ ತಿಂಗಳ ಗ್ಯಾರಂಟಿ ಸಾಮಿ ಇದು?" ಎಂದ ಹನುಮಂತರಾಯಪ್ಪ.

ಪಾಸ್ಟರ ಕಿವಿ ಕೆಂಪಾಯಿತು. "ವಿಶ್ವಾಸದಿಂದ ತಗೊಂಡೋರಿಗೆ ಫಲಿಸುತ್ತೆ ಯಜಮಾನರೇ. ತಟ್ಟೆ ದಾಟಿ ಹೋದೋರಿಗೆ ಏನು ಮಾಡೋಣ?"

"ನಿಮ್ಮ ಚೀಟಿ ಎತ್ತಲಿಲ್ಲ ಅಂತ ಸತ್ತಳಾ ನಮ್ಮಮ್ಮ?" ಎಂದ ಚಂದನ್.

"ಚಂದನ್, ಜಾಗ ನೋಡಿ ಮಾತಾಡು."

"ಜಾಗ ನೋಡೇ ಮಾತಾಡ್ತಿದೀನಿ. ಬಾಯಿ ಮುಚ್ಚಿಸಿದ್ರಲ್ಲ, ಆ ಕತೇನ ನಾನೀಗ ಪೂರ್ತಿ ಹೇಳ್ತೀನಿ. ನಿಂತು ಕೇಳಿ."

"ರಾಬರ್ಟ್‌ಸನ್‌ಪೇಟೆಯಲ್ಲಿ ಇನ್ನೊಂದು ಪ್ರಾರ್ಥನೆ ಇದೆ ನನಗೆ." ಪಾಸ್ಟರ್ ಗುಂಡಿ ತೋಡಿದವನ ಕಡೆ ತಿರುಗಿದರು. "ಮುಚ್ಚಪ್ಪ."

ಚಂದನ್ ಸಲಿಕೆ ಕಿತ್ತುಕೊಂಡ. ಪಾಸ್ಟರ್ ಕಾರ್ಡನ್ನು ಜೇಬಿಗಿಳಿಸಿ ಗೇಟಿನ ಕಡೆ ನಡೆದರು. ಸಭೆಯವರು ಒಬ್ಬರ ಮುಖ ಒಬ್ಬರು ನೋಡಿ, ಹಿಂದೆಯೇ ಹೊರಟರು. ಅಳುತ್ತಿದ್ದವರೂ ಕಣ್ಣೊರೆಸಿಕೊಂಡು ಹೊರಟರು.

ಉಳಿದದ್ದು ಸುಕನ್ಯ, ಮಾವ, ಗುಂಡಿಯವನು.

ಚಂದನ್ ಶುರು ಮಾಡಿದ. ಹೇಳಿದ್ದಲ್ಲ, ಬಸ್ ಸ್ಟ್ಯಾಂಡಿನಲ್ಲಿ ಜಗಳಕ್ಕೆ ನಿಂತಂತೆ ಕೂಗಿದ್ದು. "ದೇವರು ಒಂದು ತೋಟ ಮಾಡ್ದ. ಮನುಷ್ಯರ ಜೊತೆ ಇರ್ಬೇಕು ಅಂತ. ಸಂಜೆ ತಾನೂ ಅಲ್ಲೇ ಓಡಾಡ್ತಿದ್ದ. ಇವರು ಅವನ ಮಾತು ಬಿಟ್ಟು ಹಾವಿನ ಮಾತು ಕೇಳಿ ಆಚೆ ಬಿದ್ರು. ಅಲ್ಲಿಂದ ಕಡೇವರೆಗೂ ಇರೋದು ಒಂದೇ ಕತೆ. ಆಚೆ ಬಿದ್ದೋರ ಹತ್ರ ದೇವರು ಮತ್ತೆ ಹೆಂಗೆ ಬಂದ ಅಂತ. ಅಣ್ಣ ತಮ್ಮನ್ನ ಕೊಂದ. ನೀರು ಬಂದು ಮುಳುಗಿಸ್ತು. ಆದ್ರೂ ಬುದ್ಧಿ ಬರಲಿಲ್ಲ, ಆಕಾಶಕ್ಕೆ ಮುಟ್ಟೋ ಗೋಪುರ ಕಟ್ಟಕ್ಕೋದ್ರು. ಆಗ ದೇವರು ಅಬ್ರಹಾಮ ಅನ್ನೋ ಒಬ್ಬನ್ನ ಕರ್ದ. ನಿನ್ನ ನೆಲ ಬಿಡು, ನೆಂಟರನ್ನ ಬಿಡು, ಅಪ್ಪನ ಮನೆ ಬಿಟ್ಟು ಹೊರಡು ಅಂದ."

ಹನುಮಂತರಾಯಪ್ಪ ಟವಲು ಕೊಡವಿದ. "ಬತ್ತೀನಿ ಕಣ್ಲಾ. ಹಸ ಕರೀಬೇಕು."

"ಹೋಗು. ನಿನಗೂ ಪಾಸ್ಟರಿಗೂ ಏನು ವ್ಯತ್ಯಾಸ? ಅವರೊಂದು ಸಾಲು ಹರ್ಕೊಂಡು ಕಾರ್ಡು ಮಾಡಿದ್ರು. ನೀನೊಂದು ಸಾಲು ಹರ್ಕೊಂಡು ತಂಗೀನೇ ಬಿಟ್ಟೆ."

"ಉಟ್ಟಿದ ಮನೆ ಬಿಡು ಅನ್ನೋ ದೇವರು ನಮಗ್ಯಾಕ್ಲಾ?" ಮುದುಕನ ದನಿ ಮೊದಲ ಸಲ ಏರಿತು. "ನಮ್ಮವ್ವ ಸಾಯೋವಾಗ ಅವಳೆಸರೇ ಕೂಗ್ತಿದ್ಲು. ಅದು ಗೊತ್ತಾ ನಿನಗೆ?"

"ಯಾಕೆ ಬಿಡು ಅಂದ ಅಂತ ಕೇಳಿದ್ಯಾ ಒಂದಿನ? ಮಾತು ಅಲ್ಲಿಗೆ ನಿಲ್ಲಲ್ಲ ಮಾವ. ನಿನ್ನಿಂದ ಭೂಮಿ ಮೇಲಿರೋ ಎಲ್ಲ ಮನೆಗೂ ಒಳ್ಳೇದಾಗ್ಲಿ ಅಂತ ಮುಗಿಯುತ್ತೆ. ಎಲ್ಲ ಮನೆ. ಬಿಟ್ಟು ಬಂದ ಮನೇನೂ ಸೇರಿ. ಅದನ್ನ ಹೇಳೋಕೆ ತಾನೆ ಅಮ್ಮ ನಿಮ್ಮೂರಿಗೆ ಬಸ್ ಹತ್ತುತ್ತಿದ್ದದ್ದು."

ಹನುಮಂತರಾಯಪ್ಪ ಬೆನ್ನು ತಿರುಗಿಸಿ ನಿಂತಿದ್ದ.

"ಈ ಮಾತು ಅವಳು ಏಳ್ಲಿಲ್ಲ," ಎಂದ.

"ಹೇಳಕ್ಕೆ ನೀನು ಕೂತಿದ್ರೆ ತಾನೆ?"

ಮುದುಕ ಚಪ್ಪಲಿ ಬಿಟ್ಟ. ಗುಂಡಿಯ ಅಂಚಿಗೆ ಬಂದು, ಹೊಲದ ಬದುವಿನ ಮೇಲೆ ಕೂರುವಂತೆ ಕಾಲು ಇಳಿಬಿಟ್ಟು ಕೂತ.

ಚಂದನ್ ಸಲಿಕೆ ಕೆಳಗಿಟ್ಟ. ದನಿ ತಾನಾಗಿ ತಗ್ಗಿತು. "ಅಬ್ರಹಾಮನಿಗೆ ಮುಪ್ಪಲ್ಲಿ ಒಂದು ಮಗು ಆಯ್ತು."

"ಊಂ," ಎಂದ ಹನುಮಂತರಾಯಪ್ಪ.

"ಆ ವಂಶದೋರು ಬೇರೆ ದೇಶದಲ್ಲಿ ಆಳುಗಳಾದ್ರು. ಬಿಸಿಲಲ್ಲಿ ಇಟ್ಟಿಗೆ ಕುಯ್ಯೋ ಕೆಲಸ."

"ಊಂ."

ಗುಂಡಿಯವನು ಮಣ್ಣಿನ ರಾಶಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ. ಹನುಮಂತರಾಯಪ್ಪ ಕೆಳಗೆ ಬಗ್ಗಿ ನೋಡಿದ. ತನ್ನ ಪಾದ ಪೆಟ್ಟಿಗೆಯಲ್ಲಿರುವ ತಂಗಿಯ ತಲೆಯ ನೇರಕ್ಕೆ ಇಳಿಬಿದ್ದಿರುವುದು ಕಂಡು, ಒಂದೊಂದೇ ಕಾಲನ್ನು ಕೈಯಿಂದ ಮೇಲೆಳೆದುಕೊಂಡು ಮಡಚಿ ಕೂತ.