ಸುಣ್ಣ ಹಚ್ಚಿದ ಗೋಲ್‌ಕೀಪರ್

"ಇದೆಂತ ಮಾರಾಯ, ಸುಣ್ಣ ಬಳಿಯಲಿಕ್ಕೆ ಗೋಡೆಯಾ?" ಮಹಾಬಲ ಫುಟ್ಬಾಲ್ ಆಟಗಾರನ ಚಿತ್ರದ ಕಾರ್ಡನ್ನು ಮೇಜಿಗೆ ಬಡಿದ. ಚಾದ ಗ್ಲಾಸು ಕುಣಿಯಿತು.

"ಮೆಲ್ಲ ಮಾತಾಡಿ ಭಾವ, ಗಿರಾಕಿಗಳಿದ್ದಾರೆ," ಎಂದ ತ್ಯಾಂಪಣ್ಣ. ಬೆಳ್ಳಾರೆಯ ಆ ಹೋಟೆಲು ಅವನದು. ಮಹಾಬಲನ ಹೆಂಡತಿ ದಮಯಂತಿಯ ತಮ್ಮ.

"ಕೇಳಲಿ! ಕಳ್ಳನ ಕೈಯ ಚಾ ಕುಡಿಯುವವರಿಗೂ ಗೊತ್ತಾಗಲಿ."

ಹಡಗಿನ ಕೆಲಸದ ಕಬೀರ್ ರಜೆಗೆ ಬಂದಾಗಲೆಲ್ಲ ಇಪ್ಪತ್ತು ವರ್ಷ ಹಿಂದೆ ಚೂಯಿಂಗ್ ಗಮ್ಮಿನ ಜೊತೆ ಬರುತ್ತಿದ್ದ ಆಟಗಾರರ ಕಾರ್ಡುಗಳನ್ನು ತರುತ್ತಿದ್ದ. ಎಪ್ಪತ್ತಾರನೇ ಇಸವಿಯಿಂದ ಭಾವಂದಿರಿಬ್ಬರೂ ಅವನ್ನು ಕೂಡಿಡುತ್ತಿದ್ದರು. ಮಹಾಬಲನದ್ದು ಅಡಿಕೆ ಹೆಕ್ಕುವವನ ಕಣ್ಣು. ಮೂಲೆ ಮಡಚಿದ್ದು, ಅಂಚು ಹಳದಿಯಾದದ್ದು ಅವನಿಗೆ ಕರಿಗೋಟಿಗೆ, ಹಾಳಾದ ಅಡಿಕೆಗೆ ಸಮ, ಮುಟ್ಟುತ್ತಿರಲಿಲ್ಲ. ಒಂದು ತಂಡದ ಹತ್ತು ಮಂದಿ ಅವನಲ್ಲಿದ್ದರು, ಗೆರೆ ಬೀಳದ ಹೊಸ ನೋಟಿನ ಹಾಗೆ. ಏಳು ವರ್ಷದಿಂದ ಗೋಲ್‌ಕೀಪರ್ ಒಬ್ಬ ಬಾಕಿ. "ನನ್ನಲ್ಲಿ ಉಂಟು ಭಾವ, ಹಾಲಿನ ಹಾಗೆ ಬಿಳಿ," ಎಂದು ತ್ಯಾಂಪಣ್ಣ ತೋರಿಸಿದಾಗ, ಇನ್ನೊಂದು ತಂಡದ ನಾಯಕನನ್ನು, ತನ್ನಲ್ಲಿದ್ದುದರಲ್ಲೇ ಎಲ್ಲಕ್ಕಿಂತ ಒಳ್ಳೆಯದನ್ನು, ಮಹಾಬಲ ಬದಲಿಗೆ ಕೊಟ್ಟಿದ್ದ.

ಹುಳ ಹಿಡಿಯದಿರಲೆಂದು ಅವನು ಕಾರ್ಡುಗಳನ್ನು ಅರಸಿನ ಉದುರಿಸಿದ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಆಟಿ ತಿಂಗಳ ಮಳೆಯ ತೇವ ಬೇರೆ. ನಾಲ್ಕು ದಿನ ಬಿಟ್ಟು ಬಿಡಿಸಿದರೆ ಹತ್ತು ಮಂದಿಗೆ ಏನೂ ಆಗಿರಲಿಲ್ಲ. ಗೋಲ್‌ಕೀಪರನ ಸುತ್ತ ಮಾತ್ರ ಆರತಿ ನೀರಿನ ಕೆಂಪು. ಅರಸಿನಕ್ಕೆ ಸುಣ್ಣ ತಾಗಿದರೆ ಎಂತ ಆಗುತ್ತದೆಂದು ಮದುವೆ ಮನೆಯ ಮಕ್ಕಳಿಗೂ ಗೊತ್ತು.

"ಎಲೆ ಡಬ್ಬಿಯ ಸುಣ್ಣ. ಎಂಜಲು ಬೆರಳಲ್ಲಿ ಉಜ್ಜಿದ್ದೀಯ. ಥೂ!"

"ಸ್ವಲ್ಪ ಹಳದಿಯಾಗಿತ್ತು. ನೀವು ಬಿಳಿ ಬಿಳಿ ಅಂತ ಸಾಯುದಲ್ಲ, ಬಿಳಿ ಮಾಡಿದೆ. ಗಮ್ಮಿನ ಕಾಗದಕ್ಕೂ ಇಷ್ಟು ಮಡಿಯಾ?"

"ನನ್ನ ನಾಯಕನನ್ನು ಕೊಡು."

ತ್ಯಾಂಪಣ್ಣನ ಎಡಗೈ ಮೆಲ್ಲ ಮೇಜಿನಡಿಗೆ ಸರಿಯಿತು. ಮಹಾಬಲ ಅದನ್ನು ಹಿಡಿದು ಮೇಲೆಳೆದ. ಮಣಿಕಟ್ಟಿನಲ್ಲಿ ಪಳಪಳ ಹೊಳೆಯುವ ಫಾರಿನ್ ವಾಚು.

"ಈ ವಾಚಿಗೆ ಕಬೀರನಿಗೆ ಕೊಟ್ಟೆಯಾ?"

"ಅವನ ಹಡಗಿನ ಯಾರಿಗೋ ಬೇಕಿತ್ತಂತೆ. ಮೊನ್ನೆಯೇ ತಕ್ಕೊಂಡು ಹೋದ. ಕೂತುಕೊಳ್ಳಿ ಭಾವ, ಬನ್ಸ್ ಬಿಸಿ ಉಂಟು."

ಮಹಾಬಲ ನೀರಿನ ಡ್ರಮ್ಮಿನ ಹತ್ತಿರ ಹೋಗಿ, ತ್ಯಾಂಪಣ್ಣನ ಕೈ ಹಿಡಿದಿದ್ದ ಬೆರಳುಗಳನ್ನು ಎರಡೆರಡು ಸಲ ತಿಕ್ಕಿ ತೊಳೆದ. ಪಂಚೆಗೆ ಒರೆಸಿಕೊಂಡು ಮೆಟ್ಟಿಲಿಳಿದ.

"ಕಾರ್ಡು ಬಿಟ್ಟಿರಿ!" ತ್ಯಾಂಪಣ್ಣ ಕೂಗಿದ.

"ಇಟ್ಟುಕೋ. ಎಲೆಗೆ ಸುಣ್ಣ ಕಮ್ಮಿಯಾದರೆ ನೆಕ್ಕು."

ಆ ದಿನದಿಂದ ಮರ್ಕಂಜದ ಗಂಡನ ಮನೆಯಿಂದ ತವರಿಗೆ ಹೋಗಬೇಕಾದಾಗಲೆಲ್ಲ ದಮಯಂತಿ ಒಬ್ಬಳೇ ಬಸ್ಸು ಹತ್ತುತ್ತಿದ್ದಳು.